ಕಿಟಕಿಯಲ್ಲಾಡಿದ ಮಾತು

ಆ ಮನೆಯಲ್ಲಿ ರೇಡಿಯೊ ಹೇಳಿದ್ದನ್ನು ಇನ್ನೊಬ್ಬರು ಮತ್ತೊಮ್ಮೆ ಹೇಳಬೇಕಿತ್ತು. ಸಂಜೆ ವಾರ್ತೆ ಶುರುವಾಗುತ್ತಲೇ ಮಗ ರೇಡಿಯೊಗೆ ಬೆನ್ನು ಮಾಡಿ, ತಾಯಿಯ ಎದುರಿಗೆ ಕುರ್ಚಿ ಎಳೆದುಕೊಂಡು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂರುತ್ತಿದ್ದ. ಪೆಟ್ಟಿಗೆಯೊಳಗಿನವನು ಗಂಟಲು ಸರಿಮಾಡಿಕೊಂಡು ಓದಿದ್ದನ್ನೆಲ್ಲ ಇವನು ದನಿಯಿಲ್ಲದೆ, ಬರೀ ತುಟಿಯಲ್ಲಿ, ತಾಯಿಗೆ ದಾಟಿಸುತ್ತಿದ್ದ. ಮಂತ್ರಿಮಂಡಲ ಬಿತ್ತು ಎನ್ನುವಾಗ ಕೈಯನ್ನೂ ಬೀಳಿಸಿ ತೋರಿಸುತ್ತಿದ್ದ. ಯುದ್ಧ ಮುಗಿದ ಮೇಲೆ ಆ ಕೈಗೆ ಬಿಡುವೇ ಇರಲಿಲ್ಲ.

ಮುದುಕಿಯ ಕಿವಿಯನ್ನು ಬಟ್ಟೆ ಗಿರಣಿ ಇಟ್ಟುಕೊಂಡಿತ್ತು. ಪ್ರಾಯವೆಲ್ಲ ಮಗ್ಗದ ಶೆಡ್ಡಿನಲ್ಲಿ ಕಳೆದವರಿಗೆ ಗಿರಣಿ ಕೊಟ್ಟು ಕಳಿಸುವ ಬಹುಮಾನ ಅದೊಂದೇ. ಸಾಲು ಸಾಲು ಮಗ್ಗಗಳು ಒಟ್ಟಿಗೆ ಬಡಿಯುವಾಗ ಗಂಟಲು ಹರಿದುಕೊಂಡರೂ ಪಕ್ಕದವಳಿಗೆ ಕೇಳಿಸದು. ಹಾಗಾಗಿ ನೇಯುವವರೆಲ್ಲ ತುಟಿಮಾತು ಕಲಿತಿದ್ದರು. ಬಾಯಿ ಅಗಲಿಸಿ, ಒಂದೊಂದು ಅಕ್ಷರಕ್ಕೂ ತುಟಿಗೆ ಕೆಲಸ ಕೊಟ್ಟು, ದನಿಯನ್ನು ಮಾತ್ರ ಒಳಗೇ ಇಟ್ಟು ಆಡುವ ಮಾತು. ಶೆಡ್ಡಿನ ಈ ತುದಿಯಲ್ಲಿ ಒಬ್ಬಳು ಅತ್ತೆಯನ್ನು ಬೈದರೆ ಆ ತುದಿಯಲ್ಲಿ ಇನ್ನೊಬ್ಬಳು ನಗುತ್ತಿದ್ದಳು. ಆ ಬೀದಿಯ ಗೋಡೆಗಳಿಗೆ ಕಿವಿ ಇರಲಿಲ್ಲ, ಕಣ್ಣಿತ್ತು. ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಗೊತ್ತಿದ್ದದ್ದನ್ನೇ ಮರೆಯುವುದು ಮನುಷ್ಯರ ಹಳೆಯ ಚಾಳಿ.

ಮುದುಕಿಗೆ ತಾನು ದನಿ ತೆಗೆದು ಮಾತಾಡುತ್ತಿದ್ದೇನೋ ಬರೀ ತುಟಿ ಆಡಿಸುತ್ತಿದ್ದೇನೋ ಅನ್ನುವುದೇ ಗೊತ್ತಾಗುತ್ತಿರಲಿಲ್ಲ. ಗುಟ್ಟನ್ನು ಮೂರು ಮನೆಗೆ ಕೇಳುವಂತೆ ಕೂಗುತ್ತಿದ್ದಳು, ಬೈಗುಳವನ್ನು ಸದ್ದಿಲ್ಲದೆ ಬೈಯುತ್ತಿದ್ದಳು.

"ಮಂತ್ರಿ ಏನಂದ?" ಅನ್ನುತ್ತಿದ್ದಳು.

"ದೇಶ ಕಟ್ಟಬೇಕು, ಇನ್ನೊಂದೆರಡು ವರ್ಷ ಹೊಟ್ಟೆ ಬಿಗಿ ಹಿಡೀರಿ ಅಂದ."

"ಅವನ ಹೊಟ್ಟೆ ಸುತ್ತಳತೆ ಎಷ್ಟು ಅಂತ ಕೇಳು."

"ಅದನ್ನ ರೇಡಿಯೊದಲ್ಲಿ ಹೇಳಲ್ಲಮ್ಮ."

"ಮತ್ತೆ ಅದೆಂಥ ವಾರ್ತೆ."

ಈ ಕಥೆ ಸೊಸೆಯದು. ಅವಳೂ ಗಿರಣಿಯಲ್ಲೇ ನೇಯುತ್ತಿದ್ದಳು. ಗಂಡ ಯುದ್ಧಕ್ಕೆ ಹೋದಾಗ ಅತ್ತೆಯ ಮಗ್ಗಗಳೇ ಅವಳಿಗೆ ಬಂದಿದ್ದವು. ಗಂಡ ಹೋದ ಹಾಗೇ ಕೈಕಾಲು ನೆಟ್ಟಗಿಟ್ಟುಕೊಂಡು ವಾಪಸು ಬಂದ. ಗಿರಣಿಯಲ್ಲೇ ನೂಲಿಗೆ ಬಣ್ಣ ಹಾಕುವ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದ, ವರ್ಷ ತುಂಬುವಷ್ಟರಲ್ಲಿ ಕಾರ್ಮಿಕ ಸಂಘದ ಕಾರ್ಯದರ್ಶಿಯಾದ. ಗೋಡೆಗಳ ಮೇಲೆ ಯುದ್ಧಕ್ಕೆ ಸೇರಿ ಎನ್ನುವ ಪೋಸ್ಟರಿನ ಮೇಲೆ ಉತ್ಪಾದನೆ ಹೆಚ್ಚಿಸಿ ಎನ್ನುವ ಪೋಸ್ಟರು ಹಚ್ಚಿದ್ದರು. ರೇಷನ್ನಿನ ಬ್ರೆಡ್ಡು ಯುದ್ಧದ ಕಾಲಕ್ಕಿಂತ ತೆಳ್ಳಗಾಗಿತ್ತು. ಕಲ್ಲಿದ್ದಲಿಲ್ಲವೆಂದು ಹಗಲಲ್ಲೂ ಕರೆಂಟು ತೆಗೆಯುತ್ತಿದ್ದರು. ದಿನಾ ವಾರ್ತೆಯಲ್ಲಿ ಎಲ್ಲೋ ಒಂದು ಕಡೆ ರೈಲಿನವರು, ಇನ್ನೊಂದು ಕಡೆ ಗಣಿಯವರು ಕೆಲಸ ನಿಲ್ಲಿಸಿರುತ್ತಿದ್ದರು.

ಇವರ ಗಿರಣಿಯ ಸರದಿಯೂ ಬಂತು. ನೇಯ್ಗೆಯ ಕೂಲಿ ಇಳಿಸುತ್ತೇವೆ, ಸೈನ್ಯದಿಂದ ಬಂದ ಗಂಡಸರಿಗೆ ಜಾಗ ಬೇಕು, ಹಾಗಾಗಿ ಹೆಂಗಸರು ಮಗ್ಗ ಬಿಟ್ಟು ಮನೆಗೆ ಹೋಗಿ ಎಂದು ಮಾಲೀಕರು ನೋಟೀಸು ಅಂಟಿಸಿದರು. ಕಾರ್ಯದರ್ಶಿಗೆ ಅವರು ಕೊಡಲು ಬಂದದ್ದು ಅವನ ಹೆಂಡತಿಯದೇ ಮಗ್ಗಗಳನ್ನು.

"ಹೆಂಡ್ತಿ ಮಗ್ಗ ಕಿತ್ತು ಗಂಡನ ಕೈಗೆ ಕೊಟ್ರೆ ನಮ್ಮನೇಲಿ ಶುರುವಾಗೋ ಯುದ್ಧ ನಿಲ್ಸೋಕೆ ಯಾವ ದೇಶ ಬರುತ್ತೆ ಸ್ವಾಮಿ?" ಎಂದು ಅವನು ಮ್ಯಾನೇಜರನ್ನೇ ಕೇಳಿ ಬಂದಿದ್ದ. ಶೆಡ್ಡಿನವರೆಲ್ಲ ಆ ಮಾತನ್ನು ಒಂದು ವಾರ ತುಟಿಯಿಂದ ತುಟಿಗೆ ಓಡಾಡಿಸಿದರು.

ಸಂಘದ ಸಮಿತಿ ಸೇರಿ ಗುಟ್ಟಾಗಿ ತೀರ್ಮಾನ ಮಾಡಿತು. ಬುಧವಾರ ಊಟದ ಸೀಟಿ ಊದಿದ ತಕ್ಷಣ ಮಗ್ಗ ನಿಲ್ಲಿಸಿ ಎಲ್ಲರೂ ಹೊರಗೆ ನಡೆಯುವುದು. ಬುಧವಾರವೇ ಯಾಕೆಂದರೆ, ಗೋದಾಮಿನಲ್ಲಿ ಸರ್ಕಾರದ ಬಟ್ಟೆ ತುಂಬಿತ್ತು. ಸೈನ್ಯದಿಂದ ಬಿಡುಗಡೆಯಾದವರಿಗೆ ಹೊಲಿಸುವ ಸೂಟುಗಳ ಬಟ್ಟೆ ಅದು. ಗುರುವಾರ ಹಡಗಿಗೆ ಹೋಗಬೇಕಿತ್ತು. ಬಟ್ಟೆ ಒಳಗೇ ಉಳಿದರೆ ಮಾಲೀಕರು ಎರಡೇ ದಿನದಲ್ಲಿ ಮಾತಿಗೆ ಬರುತ್ತಾರೆ. ಮುಂಚೆಯೇ ಗೊತ್ತಾಗಿ ಬಟ್ಟೆ ಸಾಗಿಸಿಬಿಟ್ಟರೆ ತಿಂಗಳುಗಟ್ಟಲೆ ಗೇಟು ಹಾಕಿ ಕೂರುತ್ತಾರೆ.

ಗಂಡ ಇದನ್ನು ಹೆಂಡತಿಗೊಬ್ಬಳಿಗೆ ಹೇಳಿದ. "ಅಮ್ಮನಿಗೆ ಬೇಡ. ಅವಳು ಖುಷಿಗೆ ಬೀದಿಗೆಲ್ಲ ಕೂಗಿಬಿಡ್ತಾಳೆ" ಎಂದೂ ಹೇಳಿದ.

ಭಾನುವಾರ ಮಧ್ಯಾಹ್ನ ಅವನು ಹೊರಗೆ ಹೋಗಿದ್ದ. ಕರೆಂಟು ಇರಲಿಲ್ಲ. ಅತ್ತೆ ಸೊಸೆ ಕತ್ತಲು ಕತ್ತಲಾದ ಅಡುಗೆಮನೆಯಲ್ಲಿ ಆಲೂಗಡ್ಡೆ ಹೆರೆಯುತ್ತಿದ್ದರು. ಅತ್ತೆ ಬೆಳಗಿನಿಂದ ಮುಖ ಊದಿಸಿಕೊಂಡಿದ್ದಳು.

"ನಿಮ್ಮಿಬ್ರ ಮುಖ ನೋಡಿದ್ರೇ ಗೊತ್ತಾಗುತ್ತೆ, ಏನೋ ಇದೆ. ಕಿವಿ ಹೋಗಿದೆ ನನಗೆ, ಬುದ್ಧಿ ಹೋಗಿಲ್ಲ. ಮೂವತ್ತು ವರ್ಷ ಆ ಸಂಘಕ್ಕೆ ಚಂದಾ ಕಟ್ಟಿದೀನಿ ಕಣೇ. ಈಗ ನಾನು ಹೊರಗಿನವಳಾ?"

ಸೊಸೆಗೆ ಪಾಪ ಅನ್ನಿಸಿತು, ನಿಜ. ಆದರೆ ಅಷ್ಟೇ ಆಗಿದ್ದರೆ ಆಮೇಲೆ ಅವಳು ತನ್ನನ್ನು ತಾನು ಕ್ಷಮಿಸಿಕೊಳ್ಳಬಹುದಿತ್ತು. ದಿನಾ ಸುದ್ದಿ ಹೇಳುವ ಯಜಮಾನಿಕೆ ಗಂಡನದು. ಅತ್ತೆ ಬಾಯಿಬಿಟ್ಟುಕೊಂಡು ನೋಡುವುದು ಅವನ ಮುಖವನ್ನು. ಇವಳು ಹೇಳುವುದೆಲ್ಲ ಉಪ್ಪು ಮುಗೀತು, ಸೋಪು ಬಂತು. ಇವತ್ತು ರೇಡಿಯೊಗೂ ಗೊತ್ತಿಲ್ಲದ ಸುದ್ದಿ ಅವಳ ಬಾಯಲ್ಲಿತ್ತು. ಹೇಳುವ ಆಸೆ ತಡೆಯಲಾಗಲಿಲ್ಲ. ಇದೇ ನಡೆದದ್ದು. ಅವಳನ್ನು ಕೇಳಿದರೆ ಅವಳೂ ಇದನ್ನೇ ಹೇಳುತ್ತಾಳೆ.

ಕತ್ತಲಲ್ಲಿ ತುಟಿ ಕಾಣುವುದಿಲ್ಲ. ಅತ್ತೆಯ ಕೈ ಹಿಡಿದು ಬೀದಿ ಕಡೆಯ ಕಿಟಕಿಗೆ ಕರೆದುಕೊಂಡು ಹೋದಳು. ಬೆಳಕು ತನ್ನ ಮುಖದ ಮೇಲೆ ಬೀಳುವಂತೆ ನಿಂತು, ಯಾರಿಗೂ ಕೇಳಬಾರದೆಂದು ಉಸಿರನ್ನೂ ಬಿಗಿಹಿಡಿದು, ತುಟಿಯಲ್ಲಿ ಎಲ್ಲ ಹೇಳಿದಳು. ಬುಧವಾರ. ಊಟದ ಸೀಟಿ. ಗೋದಾಮಿನ ಬಟ್ಟೆ. ಅತ್ತೆಗೆ ಸರಿಯಾಗಿ ತಿಳಿಯಲೆಂದು ಎರಡೆರಡು ಸಲ ಹೇಳಿದಳು. ಅತ್ತೆಯ ಮುಖ ಅರಳಿತು. ಸೊಸೆಯ ಕೆನ್ನೆ ಹಿಂಡಿದಳು.

ಕೆಳಗೆ ಬೀದಿಯ ಆಚೆ ಬ್ರೆಡ್ಡಿನ ಅಂಗಡಿ ಮುಂದೆ ರೇಷನ್ ಸಾಲು ನಿಂತಿತ್ತು. ಸಾಲಿನಲ್ಲಿ ಶೆಡ್ಡಿನ ಮೇಸ್ತ್ರಿ ಇದ್ದ. ಮೀಸೆ ಮೇಸ್ತ್ರಿ ಎಂದು ಹೆಸರು. ಮಗ್ಗದ ಮೇಲೆ ಕೆಲಸ ಮಾಡುತ್ತಲೇ ಮೇಲೆ ಬಂದು ಮಾಲೀಕರ ಪಕ್ಕ ಕೂತವನು. ಅವನು ಮೇಲೆ ನೋಡುತ್ತಿದ್ದ. ಸೊಸೆಯ ಕಣ್ಣು ಸಿಕ್ಕಿದ ಕೂಡಲೇ ನಕ್ಕು, ದನಿಯಿಲ್ಲದೆ ತುಟಿಯಲ್ಲಿ ಕೇಳಿದ: "ಚೆನ್ನಾಗಿದ್ದೀರಾ?"

ಅವಳೂ ತುಟಿಯಲ್ಲೇ ಹೇಳಿದಳು: "ಚೆನ್ನಾಗಿದ್ದೀವಿ."

ಹೇಳಿ ಆಲೂಗಡ್ಡೆ ಹೆರೆಯಲು ಹೋದಳು.

ಸೋಮವಾರ ಸಂಜೆ ಗಿರಣಿಯ ಹಿಂದಿನ ಬಾಗಿಲಿಗೆ ಲಾರಿಗಳು ಬಂದವು. ಮಂಗಳವಾರ ಬೆಳಿಗ್ಗೆ ಕೆಲಸಕ್ಕೆ ಹೋದವರಿಗೆ ಸಿಕ್ಕಿದ್ದು ಸರಪಳಿ ಬಿಗಿದ ಗೇಟು, ಗೇಟಿನಾಚೆ ಪೊಲೀಸರು, ಗೇಟಿನ ಮೇಲೆ ಇನ್ನೂ ಅಂಟು ಆರದ ನೋಟೀಸು. ಅನಿರ್ದಿಷ್ಟ ಕಾಲ ಗಿರಣಿ ಮುಚ್ಚಲಾಗಿದೆ. ಸೊಸೆ ನೋಟೀಸು ಓದುತ್ತಿದ್ದಳು. ಕಣ್ಣ ಮುಂದೆ ಬಂದದ್ದು ಸಾಲಿನಲ್ಲಿ ನಿಂತಿದ್ದ ಮೀಸೆ. ಚೆನ್ನಾಗಿದ್ದೀರಾ?

"ಯಾರೋ ಬಾಯಿ ಬಿಟ್ಟಿದಾರೆ" ಎಂದ ಗಂಡ, ಮನೆಗೆ ಬಂದು ಬುತ್ತಿ ಡಬ್ಬಿಯನ್ನು ಮೇಜಿನ ಮೇಲಿಡುತ್ತಾ. "ನಮ್ಮವರೇ ಯಾರೋ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ. ಸೊಸೆ ಮುಟ್ಟಿಕೊಂಡದ್ದು ತುಟಿಯನ್ನು. ಗಂಡ ಅದನ್ನು ನೋಡಲಿಲ್ಲ. ಅತ್ತೆ ನೋಡಿದಳು.

ಬಾಯಿ ಬಿಟ್ಟವನನ್ನು ಹುಡುಕಲು ಸಮಿತಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಮಗ್ಗಗಳಿಗೆ ಎಣ್ಣೆ ಬಿಡುವವನೊಬ್ಬನಿದ್ದ, ಎಣ್ಣೆಯಣ್ಣ ಅಂತಲೇ ಎಲ್ಲರೂ ಕರೆಯುತ್ತಿದ್ದದ್ದು. ಕಾರ್ಯದರ್ಶಿಯ ಜೊತೆ ಒಂದೇ ಗಲ್ಲಿಯಲ್ಲಿ ಆಡಿ ಬೆಳೆದವನು, ಸಮಿತಿಯಲ್ಲೂ ಇದ್ದ. ಅವನ ಬಾಯಿ ಎಂದೂ ಸುಮ್ಮನಿದ್ದದ್ದಲ್ಲ. ಎಣ್ಣೆಯ ಡಬ್ಬಿಯ ಜೊತೆಗೇ ಊರಿನ ಸುದ್ದಿಯನ್ನೂ ಮಗ್ಗದಿಂದ ಮಗ್ಗಕ್ಕೆ ಬಿಟ್ಟುಕೊಂಡು ಹೋಗುವವನು. ಅದೇ ಸೋಮವಾರ ಬೆಳಿಗ್ಗೆ ಅವನು ಮ್ಯಾನೇಜರ ಕೋಣೆಗೆ ಹೋಗಿದ್ದನ್ನು ನಾಲ್ಕು ಜನ ನೋಡಿದ್ದರು.

"ಹೋಗಿದ್ದೆ, ಇಲ್ಲ ಅಂದ್ನಾ? ಮನೆಯವಳು ಆಸ್ಪತ್ರೇಲಿದಾಳೆ, ಒಂದು ಚೀಟಿಗೆ ಸಹಿ ಬೇಕಿತ್ತು" ಎಂದ ಎಣ್ಣೆಯಣ್ಣ.

"ಅಷ್ಟು ಹೊತ್ತು ಒಳಗಿದ್ಯಲ್ಲ, ಏನು ಮಾತಾಡ್ದೆ?"

"ಮಾತಾಡ್ದೆ. ಏನು ಮಾತಾಡ್ದೆ ಅಂದ್ರೆ... ಅವರ ನಾಯಿ ಬಗ್ಗೆ, ಚಳಿ ಬಗ್ಗೆ. ನನ್ನ ಬಾಯಿ ನಿಮಗೆ ಗೊತ್ತಲ್ಲ."

ಗೊತ್ತಿತ್ತು. ಅದೇ ಅವನಿಗೆ ಮುಳುವಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸಮಿತಿ ಅವನನ್ನು ಸಂಘದಿಂದ ಹೊರಗೆ ಹಾಕಿತು. ತೀರ್ಮಾನ ಓದಿದವನು ಕಾರ್ಯದರ್ಶಿ. ಓದುವಾಗ ಅವನ ದನಿ ಗಟ್ಟಿಯಾಗೇ ಇತ್ತಂತೆ.

ಆ ಶೆಡ್ಡಿನವರ ಶಿಕ್ಷೆ ಬೇರೆಯವರ ಶಿಕ್ಷೆಯಂತಲ್ಲ. ಹೊಡೆಯುವುದಿಲ್ಲ, ಬೈಯುವುದಿಲ್ಲ. ಆ ಮನುಷ್ಯ ಎದುರಿಗೆ ಬಂದ ಕೂಡಲೇ ತುಟಿ ಕಾಣದ ಹಾಗೆ ಮುಖ ತಿರುಗಿಸಿಬಿಡುವುದು, ಅಷ್ಟೇ. ಮಾತೆಲ್ಲ ತುಟಿಯಲ್ಲೇ ಇರುವ ಕಡೆ ಅಷ್ಟು ಸಾಕು. ಬೀದಿಯಲ್ಲೂ ಅದೇ, ಅಂಗಡಿಯಲ್ಲೂ ಅದೇ, ಹೆಂಡತಿ ಮಕ್ಕಳಿಗೂ ಅದೇ.

ಸೊಸೆ ಅವತ್ತೇ ಹೇಳಬಹುದಿತ್ತು. ಅತ್ತೆ ಅವಳನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು. ಈ ಸಲ ಕಿಟಕಿಯಿಂದ ದೂರ ನಿಂತು, ದೀಪ ಹಚ್ಚಿ, ತುಟಿಯಲ್ಲಿ ಹೇಳಿದಳು.

"ಸುಮ್ನಿರು. ನೀನು ಹೇಳಿದ್ರೆ ನನ್ನ ಮಗ ಮುಗಿದ. ಹೆಂಡ್ತಿ ಬಾಯಿಂದಲೇ ಗುಟ್ಟು ಹೋಯ್ತು ಅಂದ್ರೆ ಅವನ ಮಾತು ಯಾರು ಕೇಳ್ತಾರೆ? ಗೇಟು ತೆಗೆಸಬೇಕಾದವನು ಅವನು."

"ಎಣ್ಣೆಯಣ್ಣ?"

"ಅವನು ಇವತ್ತಲ್ಲ ನಾಳೆ ಬಾಯಿ ಬಿಡ್ತಿದ್ದ. ಮೊದಲು ಗೇಟು ತೆಗೀಲಿ, ಆಮೇಲೆ ಎಲ್ಲ ಸರಿ ಮಾಡೋಣ."

ಮಾತಿನಲ್ಲಿ ಅರ್ಥವಿತ್ತು. ತಪ್ಪು ಮಾಡಿದವರಿಗೆ ಅರ್ಥವಿರುವ ಮಾತು ಎಷ್ಟು ಬೇಕಾದರೂ ಸಿಗುತ್ತದೆ. ಸೊಸೆ ಸುಮ್ಮನಾದಳು. ಬಿಸಿತುಪ್ಪ ಬಾಯಲ್ಲಿತ್ತು, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

ಸಂಘದವರು ತಮ್ಮ ಸಭಾಂಗಣದಲ್ಲಿ ಎಲ್ಲರಿಗೂ ಒಟ್ಟಿಗೆ ಗಂಜಿ ಬೇಯಿಸಲು ಶುರುಮಾಡಿದರು. ಬಡಿಸುವ ಕೆಲಸ ಸೊಸೆಗೆ ಬಂತು. ಮೂರನೇ ದಿನವೋ ನಾಲ್ಕನೇ ದಿನವೋ ಎಣ್ಣೆಯಣ್ಣ ಪಾತ್ರೆ ಹಿಡಿದು ಸಾಲಿನಲ್ಲಿ ನಿಂತ. ಜೊತೆಗೆ ಮಗಳಿದ್ದಳು, ಶಾಲೆಗೆ ಹೋಗುವ ವಯಸ್ಸಿನವಳು, ಹಲ್ಲು ಬಿದ್ದ ಬಾಯಿ. ಅವನು ಮುಂದೆ ಮುಂದೆ ಬಂದ ಹಾಗೆ ಸಾಲು ತಾನಾಗಿ ಸರಿದು ಅವನ ಸುತ್ತ ಜಾಗ ಬಿಟ್ಟಿತು. ತಲೆಗಳು ಒಂದೊಂದಾಗಿ ಆಚೆ ತಿರುಗಿದವು. ಕೊನೆಗೆ ಅವನು ಹಂಡೆಯ ಮುಂದೆ ನಿಂತ.

"ಮಗುವಿಗೆ ಕೊಟ್ರೂ ಸಾಕು ಅತ್ತಿಗೆ" ಎಂದ.

ಸೌಟು ಅವಳ ಕೈಯಲ್ಲೇ ಇತ್ತು. ಹಂಡೆಯಲ್ಲಿ ಗಂಜಿಯೂ ಇತ್ತು. ಎಲ್ಲರೂ ನೋಡದ ಹಾಗೆ ನೋಡುತ್ತಿದ್ದರು. ಕಾರ್ಯದರ್ಶಿಯ ಹೆಂಡತಿ ಏನು ಮಾಡುತ್ತಾಳೆ? ಕೊಟ್ಟರೆ, ಯಾಕೆ ಕೊಟ್ಟೆ ಎಂದು ಕೇಳುತ್ತಾರೆ. ಕೇಳಿದರೆ ತನ್ನ ಬಾಯಿ ತಡೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅವಳು ಮುಖ ತಿರುಗಿಸಿದಳು. ಗೋಡೆಯ ಮೇಲೆ ತೇವದ ಕಲೆಯೊಂದಿತ್ತು, ಅದನ್ನು ನೋಡುತ್ತಾ ನಿಂತಳು. ಹಿಂದಿನಿಂದ ಆ ಹುಡುಗಿ ಅಪ್ಪನನ್ನು ಕೇಳುವುದು ಕೇಳಿಸಿತು: "ಇವರಿಗೂ ನಾವು ಕಾಣಲ್ವಾ?"

ಅಂದು ಅವಳಿಗೆ ಊಟ ಸೇರಲಿಲ್ಲ. ಮರುದಿನವೂ ಸೇರಲಿಲ್ಲ. ಗಂಡ ಹಣೆ ಮುಟ್ಟಿ ನೋಡಿ, "ಜ್ವರ ಇಲ್ಲ" ಎಂದ. ಒಳ್ಳೆಯ ಗಂಡ. ಅವನ ಒಳ್ಳೆಯತನ ಅವಳಿಗೆ ಮುಳ್ಳಾಗಿ ಚುಚ್ಚುತ್ತಿತ್ತು. ಒಂದು ಸಲ ಅವನೇ ಅಂದ, "ಎಣ್ಣೆ ಹೀಗೆ ಮಾಡ್ತಾನೆ ಅಂತ ಕನಸಲ್ಲೂ ಅಂದ್ಕೊಂಡಿರ್ಲಿಲ್ಲ. ಚಿಕ್ಕಂದಿನಲ್ಲಿ ನನ್ನ ಹೊಡೆತ ಎಲ್ಲ ಅವನೇ ತಿಂತಿದ್ದ." ಅವಳು ಎದ್ದು ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಕೊನೆಗೆ ಒಂದು ಮಧ್ಯಾಹ್ನ ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ ಪೊಟ್ಟಣ ಕಟ್ಟಿ ಶಾಲಿನಡಿ ಮುಚ್ಚಿಕೊಂಡು ಎಣ್ಣೆಯಣ್ಣನ ಮನೆಗೆ ಹೋದಳು. ಎಲ್ಲ ಹೇಳಿಬಿಡುವುದೆಂದೇ ಹೋದಳು. ಅವನು ಹಿತ್ತಿಲಲ್ಲಿ ಕಾಲು ಮುರಿದ ಕುರ್ಚಿಯನ್ನು ಸೌದೆಗೆಂದು ಸೀಳುತ್ತಿದ್ದ. ಇವಳನ್ನು ಕಂಡು ಕೊಡಲಿ ಕೆಳಗಿಟ್ಟ. ಆಮೇಲೆ ಮೇಲಿನ ಕಿಟಕಿಗಳ ಕಡೆ ಒಮ್ಮೆ ನೋಡಿದ.

"ನೀವು ಬರಬಾರದಿತ್ತು ಅತ್ತಿಗೆ. ಮಹಡಿಯವರು ನೋಡಿದ್ರೆ ನಿಮಗೂ ತೊಂದರೆ, ಅವನಿಗೂ ತೊಂದರೆ. ಅಲ್ಲಿಟ್ಟು ಹೋಗಿ."

ಹೇಳಿ ಅವನು ಬೆನ್ನು ತಿರುಗಿಸಿ ಮತ್ತೆ ಕೊಡಲಿ ಎತ್ತಿಕೊಂಡ. ಯಾರಾದರೂ ನೋಡಿದರೂ ಇವಳು ಅವನ ಜೊತೆ ಮಾತಾಡಿದಳು ಅನ್ನುವ ಹಾಗಿರಬಾರದು, ಅದಕ್ಕೆ. ಶಿಕ್ಷೆ ಅನುಭವಿಸುತ್ತಿದ್ದವನು ಅವಳನ್ನು ಕಾಪಾಡುತ್ತಿದ್ದ.

ಅವಳು ಆ ಬೆನ್ನಿಗೆ ಹೇಳಿದಳು. ತುಟಿಯಲ್ಲಿ ಹೇಳಿದಳು. ಅವತ್ತು ಭಾನುವಾರ, ಕರೆಂಟಿರಲಿಲ್ಲ, ಕಿಟಕಿ, ಮೀಸೆ ಮೇಸ್ತ್ರಿ, ನನ್ನಿಂದ ಆಯ್ತು, ನಿಮ್ಮಿಂದ ಅಲ್ಲ. ಒಂದನ್ನೂ ಬಿಡದೆ ಹೇಳಿದಳು. ಅವನು ಕುರ್ಚಿ ಸೀಳುತ್ತಿದ್ದ. ಅವಳ ಗಂಟಲಿನಲ್ಲಿ ದನಿ ಇತ್ತು, ಬಳಸಲಿಲ್ಲ. ಪೊಟ್ಟಣವನ್ನು ಮೆಟ್ಟಿಲ ಮೇಲಿಟ್ಟು ಬಂದಳು. ದಾರಿಯಲ್ಲಿ ಎದೆ ಹಗುರಾಗಿತ್ತು. ಹಗುರಾಗಿದೆ ಎಂದು ಗೊತ್ತಾದ ಕೂಡಲೇ ಅಸಹ್ಯವೆನಿಸಿತು. ಹೇಳಿದ ಹಾಗೂ ಆಗಬೇಕು, ಕೇಳಿಸದ ಹಾಗೂ ಇರಬೇಕು. ಇಂಥ ಜಾಣತನ ತನ್ನಲ್ಲಿದೆ ಎಂದು ಅವಳಿಗೆ ಅದುವರೆಗೆ ತಿಳಿದಿರಲಿಲ್ಲ.

ಇನ್ನೊಂದು ವಾರ ಕಳೆಯಿತು. ಎಣ್ಣೆಯಣ್ಣನ ಹೆಂಡತಿ ಆಸ್ಪತ್ರೆಯಿಂದ ಮನೆಗೆ ಬಂದಳು, ಏಳಲಾಗುತ್ತಿರಲಿಲ್ಲ. ಮಗಳಿಗೆ ಹೊಟ್ಟೆಗೆ ಹಾಕಲಾಗದೆ ಅವನು ಅವಳನ್ನು ದೂರದ ಗಣಿ ಊರಿನಲ್ಲಿದ್ದ ತನ್ನ ಅಕ್ಕನ ಮನೆಗೆ ಕಳಿಸಿದ. ರೈಲಿನವರ ಮುಷ್ಕರ ಇನ್ನೂ ಮುಗಿದಿರಲಿಲ್ಲವಾದ್ದರಿಂದ ಯಾವುದೋ ಕಲ್ಲಿದ್ದಲು ಲಾರಿಯಲ್ಲಿ ಕೂರಿಸಿ ಕಳಿಸಿದನಂತೆ. ಬ್ರೆಡ್ಡಿನ ಸಾಲಿನಲ್ಲಿ ಯಾರೋ ಇದನ್ನು ಹೇಳಿ, "ಮಾಡಿದ್ದುಣ್ಣೋ ಮಹರಾಯ" ಎಂದರು. ಸೊಸೆ ಸಾಲು ಬಿಟ್ಟು ಬ್ರೆಡ್ಡಿಲ್ಲದೆ ಮನೆಗೆ ಬಂದಳು.

ಗಿರಣಿ ತೆರೆಯುವ ಸುದ್ದಿಯನ್ನು ರೇಡಿಯೊವೇ ಹೇಳಿತು. ಸರ್ಕಾರ ನಡುವೆ ಬಂದಿತ್ತು. ಹೆಂಗಸರ ಮಗ್ಗ ಹೆಂಗಸರಿಗೇ, ಕೂಲಿಯಲ್ಲಿ ಮಾತ್ರ ಮಾಲೀಕರು ಕೇಳಿದ್ದರ ಅರ್ಧದಷ್ಟು ಇಳಿಕೆ. ಗೆಲುವೂ ಅಲ್ಲ ಸೋಲೂ ಅಲ್ಲ. ಸಂಘದಿಂದ ಹೊರಗೆ ಹಾಕಿದವರನ್ನು ಗಿರಣಿ ಕೆಲಸಕ್ಕೆ ತೆಗೆದುಕೊಳ್ಳುವಂತಿಲ್ಲ ಎನ್ನುವುದನ್ನು ಸಂಘವೇ ಹಟ ಹಿಡಿದು ಒಪ್ಪಂದದಲ್ಲಿ ಸೇರಿಸಿತ್ತು. ಮರುದಿನ ಸಭೆ, ಎಣ್ಣೆಯಣ್ಣನನ್ನು ಕಾಯಂ ಆಗಿ ತೆಗೆದುಹಾಕಲು ಕೈ ಎತ್ತಿಸುವುದೇ ಅದರ ಮೊದಲ ಕೆಲಸ. ಗಂಡ ಇದನ್ನೆಲ್ಲ ತಾಯಿಗೆ ತುಟಿಯಲ್ಲಿ ದಾಟಿಸುತ್ತಿದ್ದ. ಅತ್ತೆ ಮಗನ ಮುಖ ನೋಡುವುದನ್ನು ಬಿಟ್ಟು ಸೊಸೆಯ ಮುಖ ನೋಡುತ್ತಿದ್ದಳು.

ಬೆಳಿಗ್ಗೆ ಅವನು ಸಭೆಗೆ ಹೊರಟು ಬೂಟಿನ ದಾರ ಕಟ್ಟುತ್ತಿದ್ದ. ಸೊಸೆ ಬಂದು ಎದುರಿಗೆ ನಿಂತಳು.

"ಎಣ್ಣೆಯಣ್ಣ ಅಲ್ಲ" ಎಂದಳು. ದನಿ ತೆಗೆದು ಹೇಳಿದಳು. "ನಾನು."

ಅತ್ತೆಗೆ ಕೇಳಿಸಲಿಲ್ಲ, ಕಾಣಿಸಿತು. ಅಂಗೈಯಿಂದ ಮೇಜು ಬಡಿದಳು. ಸೊಸೆ ಅತ್ತ ತಿರುಗಲಿಲ್ಲ. ಹೇಳುತ್ತಾ ಹೋದಳು, ಅತ್ತೆ ಬಡಿಯುತ್ತಾ ಹೋದಳು. ಗಂಡ ಬಗ್ಗಿದವನು ಬಗ್ಗಿಯೇ ಇದ್ದ, ದಾರದ ಎರಡು ತುದಿ ಎರಡು ಕೈಯಲ್ಲಿ. ಎಲ್ಲ ಮುಗಿದ ಮೇಲೆ ಎದ್ದು ಕಿಟಕಿಗೆ ಹೋಗಿ ನಿಂತ. ಕೆಳಗೆ ಸಾಲಿತ್ತು. ಸಾಲಿನಲ್ಲಿ ಇಬ್ಬರು ಹೆಂಗಸರು ತುಟಿಯಲ್ಲಿ ಏನೋ ಮಾತಾಡಿಕೊಳ್ಳುತ್ತಿದ್ದರು. ಅವನು ನೋಡಿದ. ಅಲ್ಲಿಂದ ಇಲ್ಲಿಗೆ ಎಲ್ಲವೂ ಸ್ಪಷ್ಟವಾಗಿ ತಿಳಿಯುತ್ತಿತ್ತು.

"ಅಮ್ಮನಿಗೆ ಹೇಳ್ಬೇಡ ಅಂದಿದ್ದೆ."

"ಹೌದು."

"ಆ ತೀರ್ಮಾನ ನಾನೇ ಓದಿದೆ ಕಣೇ. ಅವನ ಮುಖ ನೋಡ್ಕೊಂಡು ಓದಿದೆ."

ಅವನು ವಾಪಸು ಬಂದು ಬೂಟಿನ ದಾರ ಕಟ್ಟಿ ಮುಗಿಸಿ ಕೇಳಿದ, "ಸಭೇಲಿ ನಾನು ಹೇಳ್ಲಾ, ನೀನು ಹೇಳ್ತೀಯಾ?"

"ನಾನೇ ಹೇಳ್ತೀನಿ."

ಸಭೆಯ ಬಗ್ಗೆ ಹೆಚ್ಚು ಹೇಳುವುದು ಬೇಡ. ಅವಳು ಬೆಂಚಿನಿಂದ ಎದ್ದು ದನಿ ತೆಗೆದೇ ಹೇಳಿದಳು. ಹಿಂದಿನ ಸಾಲಿನವರಿಗೆ ಕೇಳಿಸದೆ ಇನ್ನೊಮ್ಮೆ ಹೇಳಿಸಿದರು, ಅದು ಮೊದಲಿನದಕ್ಕಿಂತ ಕಷ್ಟವಾಯಿತು. ಎಣ್ಣೆಯಣ್ಣನನ್ನು ವಾಪಸು ಸೇರಿಸಿಕೊಳ್ಳಲು ಎಲ್ಲರೂ ಕೈ ಎತ್ತಿದರು. ಅವನು ಸಭೆಗೆ ಬಂದಿರಲಿಲ್ಲ. ಆಮೇಲೆ ಕಾರ್ಯದರ್ಶಿ ತನ್ನ ಹೆಂಡತಿಗೆ ಶಿಕ್ಷೆ ಏನು ಎಂದು ಸಭೆಯನ್ನು ಕೇಳಿದ, ಕೇಳಲೇಬೇಕಿತ್ತು. ಹೊರಗೆ ಹಾಕುವುದು ಬೇಡ, ವರ್ಷ ಮುಗಿಯುವವರೆಗೆ ಮುಖ ತಿರುಗಿಸುವುದು ಎಂದಾಯಿತು. ಅದಕ್ಕೂ ಕೈ ಎತ್ತಿಸಿದ. ಅವನ ಕೈಯೂ ಮೇಲಿತ್ತು. ತಾನು ಕಾರ್ಯದರ್ಶಿ ಕೆಲಸ ಬಿಡುತ್ತೇನೆಂದ. ಬೇಡ ಎಂದು ಯಾರೂ ಅನ್ನಲಿಲ್ಲ.

"ಆ ಕಾನೂನೆಲ್ಲ ಹೊಸ್ತಿಲಿನ ಆಚೆಗೆ" ಎಂದು ಅತ್ತೆ ಮನೆಯಲ್ಲಿ ಬೀದಿಗೆಲ್ಲ ಕೇಳುವಂತೆ ಕೂಗಿದಳು. "ಈ ಮನೇಲಿ ಯಾರಾದ್ರೂ ಇವಳಿಗೆ ಮುಖ ತಿರುಗಿಸಿದ್ರೆ ನನ್ನ ಕೈಯಲ್ಲಿ ಊಟ ಸಿಗಲ್ಲ." ತಾನೂ ಪಾಲುದಾರಳು ಎನ್ನುವುದು ಅವಳಿಗೆ ಗೊತ್ತಿತ್ತು. ಗಂಡ ಮುಖ ತಿರುಗಿಸಲಿಲ್ಲ. ಉಪ್ಪು ಕೊಡು ಅಂದ, ಬೆಳಿಗ್ಗೆ ಬೇಗ ಎಬ್ಬಿಸು ಅಂದ. ಎಣ್ಣೆಯಣ್ಣನ ಮನೆಗೆ ಹೋಗಿ ಬಂದೆ ಎಂದೂ ಹೇಳಿದ. ಅವನು ಏನಂದ ಎಂದು ಅವಳು ಕೇಳಲಿಲ್ಲ, ಇವನೂ ಹೇಳಲಿಲ್ಲ.

ಗಿರಣಿ ತೆರೆಯಿತು. ಬೆಲ್ಟುಗಳು ತಿರುಗಿ, ಮಗ್ಗಗಳೆಲ್ಲ ಒಟ್ಟಿಗೆ ಬಡಿಯತೊಡಗಿದ ಮೇಲೆ ಶೆಡ್ಡಿನಲ್ಲಿ ಮಾತು ಹರಿದಾಡಲು ಶುರುವಾಯಿತು. ಇಷ್ಟು ದಿನದ ಮಾತೆಲ್ಲ ಬಾಕಿ ಇತ್ತು. ಸೊಸೆಯ ಕಣ್ಣಿಗೆ ಬಿದ್ದದ್ದು ಬರೀ ತಲೆಗಳ ಹಿಂಭಾಗ, ಕಟ್ಟಿದ ಬಟ್ಟೆಗಳ ಗಂಟು, ಕಿವಿ. ಅತ್ತೆಗೆ ಈ ಲೋಕ ಹೇಗಿರುತ್ತದೆ ಎಂದು ಅವಳಿಗೆ ಆಗ ತಿಳಿಯಿತು. ಆದರೂ ಅತ್ತೆಗೆ ಮುಖಗಳಿದ್ದವು.

ಎಣ್ಣೆಯಣ್ಣ ಡಬ್ಬಿ ಹಿಡಿದು ಸಾಲಿನ ಆ ತುದಿಯಿಂದ ಬರುತ್ತಿದ್ದ. ಪ್ರತಿ ಮಗ್ಗದಲ್ಲೂ ಅವನ ಭುಜ ತಟ್ಟುತ್ತಿದ್ದರು. ಅವನು ನಗುತ್ತಿದ್ದ, ತುಟಿ ಮಾತ್ರ ಹೆಚ್ಚು ಆಡಿಸುತ್ತಿರಲಿಲ್ಲ. ಅವಳ ಮಗ್ಗಕ್ಕೆ ಬಂದ. ಬಗ್ಗಿ ಎಣ್ಣೆ ಬಿಟ್ಟ, ಚಿಂದಿಯಿಂದ ಒರೆಸಿದ. ಎದ್ದವನು ನೇರವಾಗಿ ಅವಳ ಎದುರಿಗೆ ನಿಂತು ಅವಳ ಮುಖ ನೋಡಿದ. ನಿಯಮದ ಪ್ರಕಾರ ನೋಡುವಂತಿರಲಿಲ್ಲ.

ಅವಳು ತುಟಿಯಲ್ಲಿ ಕೇಳಿದಳು: "ಮಗಳು ಯಾವಾಗ ಬರ್ತಾಳೆ?"

"ಬರಲ್ಲ ಅಂತಾಳೆ. ಅಲ್ಲಿ ಎಲ್ಲರೂ ಅವಳ ಜೊತೆ ಮಾತಾಡ್ತಾರಂತೆ."

ಅವಳ ಕೈ ಮಗ್ಗದ ಮೇಲೆ ನಿಂತುಬಿಟ್ಟಿತು. ಅವನು ಇನ್ನೂ ನಿಂತಿದ್ದ. ಅಕ್ಕಪಕ್ಕದವರು ಆಚೆ ತಿರುಗಿದ್ದರಿಂದ ಆ ಮಾತನ್ನು ಇನ್ನಾರೂ ನೋಡಲಿಲ್ಲ.

"ಅವತ್ತು ನೀವು ನಮ್ಮನೆಗೆ ಬಂದಾಗಲೇ ನನಗೆ ಗೊತ್ತಾಯ್ತು ಅತ್ತಿಗೆ" ಎಂದ. "ತಪ್ಪಿಲ್ಲದವರು ಯಾರೂ ಆ ಕಡೆ ಬರ್ಲಿಲ್ಲ. ಬಂದಿದ್ದು ನೀವೊಬ್ಬರೇ."

"ಯಾರಿಗೂ ಯಾಕೆ ಹೇಳ್ಲಿಲ್ಲ?"

"ನನ್ನ ಬಾಯಿಂದ ಬಂದ್ರೆ ಯಾರು ನಂಬ್ತಿದ್ರು? ನೀವೇ ಹೇಳ್ತೀರಿ ಅಂತ ಕಾದೆ." ಅವನು ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. "ಮಗಳನ್ನ ಲಾರಿ ಹತ್ತಿಸೋ ಮುಂಚೆ ಹೇಳ್ತೀರಿ ಅಂದ್ಕೊಂಡಿದ್ದೆ."

ಆಮೇಲೆ ಮುಖ ತಿರುಗಿಸಿಕೊಂಡು ಮುಂದಿನ ಮಗ್ಗಕ್ಕೆ ಹೋದ.